ಹಾಸ್ಟೆಲ್ ಆರ್‌ಓ ಪ್ಲಾಂಟ್: ನೀರು ಅರ್ಧಕ್ಕೆ ಇಳಿದಿದೆ, ಸಂಜೆಯಾದರೆ ಮೋಟರ್ ಟ್ರಿಪ್

ಪ್ರಶ್ನೆ (ಸಿಂಧನೂರು ಕಡೆ, ಹಾಸ್ಟೆಲ್ ನಿರ್ವಹಣೆ):
ಸರ್, ನಮಸ್ಕಾರ. ನಮ್ಮ ಹಾಸ್ಟೆಲ್‌ನಲ್ಲಿ ಗಂಟೆಗೆ 1000 ಲೀಟರ್ ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಇದೆ. ಬೋರಿನ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಅಳತೆ) 1800. ಯುಗಾದಿ ಹೊತ್ತಿಗೆ ಮೆಂಬ್ರೇನ್ (ಉಪ್ಪು ಸೋಸುವ ಪೊರೆ) ಹೊಸದು ಹಾಕಿಸಿದ್ವಿ. ಆಗ ಗಂಟೆಗೆ ಶುದ್ಧ ನೀರು 1000 ಲೀಟರ್, ರಿಜೆಕ್ಟ್ (ಹೊರಗೆ ಹೋಗುವ ಉಪ್ಪು ನೀರು) 1000 ಬರುತ್ತಿತ್ತು. ಟಿಡಿಎಸ್ 90 ಇತ್ತು. ಈಗ ಶುದ್ಧ ನೀರು 560, ರಿಜೆಕ್ಟ್ 340, ಟಿಡಿಎಸ್ 210. ಪ್ರೆಶರ್ 10 ಕೆಜಿ ಇದ್ದದ್ದು 13.5ಕ್ಕೆ ಹೋಗಿದೆ. ಇದರ ಜೊತೆ ಸಂಜೆ 6ರ ಮೇಲೆ ಹೈ ಪ್ರೆಶರ್ ಪಂಪಿನ ಓವರ್‌ಲೋಡ್ ರಿಲೇ (ಕರೆಂಟು ಜಾಸ್ತಿ ಎಳೆದರೆ ಮೋಟರ್ ನಿಲ್ಲಿಸುವ ಸಾಧನ) ಟ್ರಿಪ್ ಆಗುತ್ತದೆ. ಮೋಟರ್ 3 ಎಚ್‌ಪಿ. ಸರ್ವಿಸ್‌ನವರು ಬಂದು, "ಮೆಂಬ್ರೇನ್ ಹೋಗಿದೆ, ಅದಕ್ಕೇ ಮೋಟರ್ ಎಳೀತಿದೆ, ಸದ್ಯಕ್ಕೆ ರಿಲೇ ಸ್ವಲ್ಪ ಜಾಸ್ತಿ ಇಡಿ" ಅಂದರು. ಇಡಬಹುದಾ?

ಉತ್ತರ (ಪ್ಲಾಂಟ್ ಆಪರೇಟರ್, ರಾಯಚೂರು):
ತಮ್ಮಾ, ರಿಲೇ ಮುಟ್ಟಬೇಡಿ. ಮೋಟರ್ ಸುಡದೆ ಉಳಿದಿರುವುದೇ ಅದರಿಂದ.

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಸರ್ವಿಸ್‌ನವರು ಎರಡನ್ನೂ ಒಂದೇ ಗಂಟು ಹಾಕಿದ್ದಾರೆ. ನಿಮ್ಮದು ಸೆಂಟ್ರಿಫ್ಯೂಗಲ್ (ಒಳಗಿನ ಚಕ್ರ ತಿರುಗಿ ನೀರು ತಳ್ಳುವ) ಪಂಪು ಅಲ್ವಾ? ಆರ್‌ಓಗೆ ಹಾಕುವ, ನೆಟ್ಟಗೆ ನಿಲ್ಲಿಸಿದ ಪಂಪು ಬಹುತೇಕ ಅದೇ. ಅದರಲ್ಲಿ ನೀರಿನ ಹರಿವು ಕಡಿಮೆಯಾದರೆ ಆಂಪ್ಸ್ ಇಳಿಯುತ್ತದೆ, ಏರುವುದಿಲ್ಲ. ಮೆಂಬ್ರೇನ್ ಕಟ್ಟಿಕೊಂಡರೆ ಮೋಟರ್ ಕೆಲಸ ಹಗುರ ಆಗಬೇಕು. ಹಾಗಾಗಿ ಟ್ರಿಪ್‌ಗೆ ಕಾರಣ ಕರೆಂಟಿನ ಕಡೆ ಹುಡುಕಬೇಕು. ಅದೂ ಸಂಜೆ ಮಾತ್ರ ಆಗುತ್ತಿದೆ ಅಂದಮೇಲೆ ಇನ್ನೇನು?

ಮೂರು ವಿಷಯ ನೋಡಿ ತಿಳಿಸಿ. ಒಂದು, ಟಾಂಗ್ ಟೆಸ್ಟರ್ (ವೈರಿಗೆ ಕಚ್ಚಿಸಿ ಕರೆಂಟು ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೂರೂ ಫೇಸಿನ ಆಂಪ್ಸ್ ಮತ್ತು ಫೇಸ್ ಟು ಫೇಸ್ ವೋಲ್ಟೇಜ್ ಬರೆಸಿ. ಎರಡು, ಮೋಟರಿನ ನೇಮ್ ಪ್ಲೇಟ್ ಮೇಲೆ ಎಷ್ಟು ಆಂಪ್ಸ್ ಅಂತಿದೆ? ಮೂರು, ಯುಗಾದಿಗೆ ತಂದ, ಮೆಂಬ್ರೇನ್ ಮೇಲೆ ಸುಣ್ಣ ಕಟ್ಟದಂತೆ ಹಾಕುವ ಔಷಧಿ ಆಂಟಿಸ್ಕೇಲೆಂಟ್ ಕ್ಯಾನ್‌ನಲ್ಲಿ ಈಗ ಎಷ್ಟು ಉಳಿದಿದೆ?

ಪ್ರಶ್ನೆ ಕೇಳಿದವರು:
ಅಣ್ಣಾರೆ, ಬರೆಸಿದೆ. ಪ್ಲೇಟ್ ಮೇಲೆ 4.9 ಆಂಪ್ಸ್. ಬೆಳಿಗ್ಗೆ ವೋಲ್ಟೇಜ್ 416, 414, 413. ಆಂಪ್ಸ್ 4.7, 4.6, 4.8. ಸಂಜೆ ವೋಲ್ಟೇಜ್ 410, 392, 380. ಆಂಪ್ಸ್ 5.1, 4.6, 6.8. ಆಂಟಿಸ್ಕೇಲೆಂಟ್ 5 ಕೆಜಿ ಕ್ಯಾನ್, ಅರ್ಧಕ್ಕಿಂತ ಜಾಸ್ತಿ ಇದೆ. ಪ್ಲಾಂಟ್ ದಿನಾ 8 ತಾಸು ಓಡುತ್ತದೆ. ಈಗ ದಸರಾ ಬಂತು.

ಉತ್ತರ (ಪ್ಲಾಂಟ್ ಆಪರೇಟರ್, ರಾಯಚೂರು):
ಭೇಷ್, ಎಲ್ಲಾ ಇದರಲ್ಲೇ ಇದೆ.

ಮೊದಲು ಮೋಟರ್. ಸಂಜೆಯ ಮೂರು ವೋಲ್ಟೇಜ್ ಕೂಡಿಸಿ ಮೂರರಿಂದ ಭಾಗಿಸಿದರೆ 394. ಅದರಿಂದ ಹೆಚ್ಚು ದೂರ ಇರುವುದು 410, ಅಂದರೆ 16 ವೋಲ್ಟ್ ವ್ಯತ್ಯಾಸ. 16ನ್ನು 394ರಿಂದ ಭಾಗಿಸಿದರೆ ಶೇ. 4ರಷ್ಟು ಏರುಪೇರು. ಕೇಳೋಕೆ ಸಣ್ಣದು. ಆದರೆ ವೋಲ್ಟೇಜ್ ಶೇ. 1 ಏರುಪೇರಾದರೆ ಆಂಪ್ಸ್ ಅದರ 6ರಿಂದ 10 ಪಟ್ಟು ಏರುಪೇರಾಗುತ್ತದೆ. ನಿಮ್ಮ 6.8 ಬಂದದ್ದು ಹೀಗೆ. ಬಿಸಿಗೂ ಒಂದು ಲೆಕ್ಕ ಇದೆ. ಏರುಪೇರಿನ ಶೇಕಡಾವನ್ನು ಅದರಿಂದಲೇ ಗುಣಿಸಿ, ಎರಡು ಪಟ್ಟು ಮಾಡಿ. 4 ನಾಲ್ಕಲೆ 16, ಎರಡು ಪಟ್ಟು 32. ಮೋಟರ್ ಒಳಗಿನ ತಂತಿ ಸುರುಳಿಯ ಬಿಸಿ ಏರಿಕೆ ಮಾಮೂಲಿಗಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ನಮ್ಮೂರಿನ ಬೇಸಿಗೆಯಲ್ಲಿ ಶೆಡ್ಡಿನ ಒಳಗೇ 40 ಡಿಗ್ರಿ ದಾಟಿರುತ್ತದೆ. ಅದರ ಮೇಲೆ ಇದು ಬೇರೆ. ರಿಲೇಯನ್ನು 7ಕ್ಕೆ ಇಟ್ಟಿದ್ದರೆ ಇಷ್ಟೊತ್ತಿಗೆ ರಿವೈಂಡಿಂಗ್ ಅಂಗಡಿ ನೋಡುತ್ತಿದ್ದಿರಿ.

ಏರುಪೇರು ಎಲ್ಲಿಂದ ಬಂತು ಅನ್ನುವುದನ್ನು ಹುಡುಕುವುದು ಸುಲಭ. ಕರೆಂಟಿನವರನ್ನು ಬಯ್ಯುವುದಕ್ಕೆ ಮುಂಚೆ ಮನೆಯೊಳಗೆ ನೋಡಬೇಕು. ಸಂಜೆ, ನಿಮ್ಮ ಬಿ ಫೇಸಿನ (ಆರ್, ವೈ, ಬಿ ಮೂರರಲ್ಲಿ ಕೊನೆಯದು) ಸಿಂಗಲ್ ಫೇಸ್ ಎಂಸಿಬಿ ಸ್ವಿಚ್ಚುಗಳನ್ನು ಐದು ನಿಮಿಷ ಇಳಿಸಿ. ಮೀಟರಿನ ಹತ್ತಿರ ವೋಲ್ಟೇಜ್ ಮೂರೂ ಸರಿಸಮ ಆದರೆ ತಪ್ಪು ಹೆಚ್ಚಾಗಿ ನಿಮ್ಮ ಕಟ್ಟಡದ್ದೇ. ಆಗದಿದ್ದರೆ ಲೈನಿನ ತೊಂದರೆ, ಆಗ ಈ ಅಂಕಿ ಇಟ್ಟುಕೊಂಡೇ ದೂರು ಕೊಡಿ. ಬೀದಿ ಕಡೆಯ ಲೂಸ್ ಜಾಯಿಂಟ್ ಆಗಿರಬಹುದು.

ಇನ್ನು ನೀರು. ಆಂಟಿಸ್ಕೇಲೆಂಟ್ ಬೋರಿನ ನೀರಿಗೆ ಸಾಮಾನ್ಯವಾಗಿ ಲೀಟರಿಗೆ 2ರಿಂದ 5 ಮಿಲಿಗ್ರಾಂ ಬೇಕು. 4 ಅಂತ ಇಟ್ಟುಕೊಳ್ಳಿ. ಒಳಗೆ ಹೋಗುವ ನೀರು ಗಂಟೆಗೆ 2000 ಲೀಟರ್. ಅಂದರೆ ಗಂಟೆಗೆ 8 ಗ್ರಾಂ, ದಿನಕ್ಕೆ 64 ಗ್ರಾಂ, ತಿಂಗಳಿಗೆ ಸುಮಾರು 1.9 ಕೆಜಿ. ಐದು ಕೆಜಿ ಕ್ಯಾನ್ ಎರಡೂವರೆ ತಿಂಗಳಿಗೆ ಮುಗಿಯಬೇಕಿತ್ತು. ನಿಮ್ಮದು ಯುಗಾದಿಯಿಂದ ದಸರಾವರೆಗೂ ಅರ್ಧ ಉಳಿದಿದೆ! ಔಷಧಿ ಬೇಕಾದಷ್ಟು ಹೋಗುತ್ತಲೇ ಇಲ್ಲ. ಸುಣ್ಣ ಮೆಂಬ್ರೇನ್ ಒಳಗೆ ಕೂತಿದೆ. ಹರಿವು ಇಳಿದು, ಪ್ರೆಶರ್ ಏರಿ, ಟಿಡಿಎಸ್‌ಸಹ ಏರಿದ್ದು ಅದಕ್ಕೇ. ಹರಿವು ಹೆಚ್ಚಾಗಿ ಟಿಡಿಎಸ್ ಏರಿದ್ದಿದ್ದರೆ ಕ್ಲೋರಿನ್ ತಿಂದು ಮೆಂಬ್ರೇನ್ ತೂತಾಗಿದೆ, ಇಲ್ಲವೇ ಓ ರಿಂಗ್ ಸೋರಿದೆ ಅಂತ ಅನುಮಾನ ಪಡುತ್ತಿದ್ದೆ.

ಇನ್ನೊಂದು ಮಾತು, ಅದು ಇದಕ್ಕಿಂತ ಮುಖ್ಯ. 560 ಮತ್ತು 340 ಕೂಡಿಸಿದರೆ 900. ಹೋದ ನೀರಿನಲ್ಲಿ ಶೇ. 62ನ್ನು ನೀವು ಶುದ್ಧ ನೀರಾಗಿ ಎಳೆಯುತ್ತಿದ್ದೀರಿ. ಹಾಕಿದಾಗ ಶೇ. 50 ಇತ್ತು. ಮೆಂಬ್ರೇನ್ ಕಟ್ಟಿಕೊಂಡರೆ ಶುದ್ಧ ನೀರು ಇಳಿಯುತ್ತದೆ, ವಾಲ್ವ್ ಮುಟ್ಟದಿದ್ದರೆ ರಿಜೆಕ್ಟ್ ಇಷ್ಟು ಇಳಿಯುವುದಿಲ್ಲ. ಯಾರೋ ರಿಜೆಕ್ಟ್ ವಾಲ್ವ್ ತಿರುಗಿಸಿದ್ದಾರೆ. ಅಲ್ವಾ?

ಪ್ರಶ್ನೆ ಕೇಳಿದವರು:
ಹೌದು ಅಣ್ಣಾರೆ, ವಾರ್ಡನ್ ಸರ್ ತಿರುಗಿಸಿದ್ದಾರೆ. ಬೇಸಿಗೆಯಲ್ಲಿ ಊರಿಗೆಲ್ಲಾ ಟ್ಯಾಂಕರ್ ಬರುವಾಗ ನಮ್ಮ ಹಿತ್ತಲಲ್ಲಿ ನೀರು ಹರಿಯೋದು ನೋಡಿ ಅವರಿಗೆ ಸಂಕಟ ಆಯ್ತಂತೆ. ಬಿ ಫೇಸಿನ ಪರೀಕ್ಷೆಯೂ ಮಾಡಿದ್ವಿ. ಇಳಿಸಿದ ಕೂಡಲೇ ವೋಲ್ಟೇಜ್ ಸರಿಯಾಯಿತು. ಅಡುಗೆ ಮನೆ ಗ್ರೈಂಡರ್, ಎರಡು ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಎರಡೂ ಮಹಡಿ ದೀಪ ಫ್ಯಾನು ಎಲ್ಲಾ ಒಂದೇ ಫೇಸಿನಲ್ಲಿ ಇವೆ.

ಉತ್ತರ (ಪ್ಲಾಂಟ್ ಆಪರೇಟರ್, ರಾಯಚೂರು):
ವಾರ್ಡನ್ ಸರ್ ಮನಸ್ಸು ಒಳ್ಳೆಯದು, ಲೆಕ್ಕ ತಪ್ಪು. ಶೇ. 50 ಎಳೆದರೆ ರಿಜೆಕ್ಟ್‌ನಲ್ಲಿ ಉಪ್ಪು ಎರಡು ಪಟ್ಟಾಗುತ್ತದೆ, 1800 ಇದ್ದದ್ದು 3600. ಶೇ. 62 ಎಳೆದರೆ 4700 ಹತ್ತಿರ. 75 ಎಳೆದರೆ ನಾಲ್ಕು ಪಟ್ಟು, 7200. ಆ ದಪ್ಪ ನೀರು ಕೊನೆಯ ಮೆಂಬ್ರೇನ್‌ನಲ್ಲಿ ನಿಂತು ಸುಣ್ಣ ಕಟ್ಟುತ್ತದೆ, ಅದೂ ಸಾಕಷ್ಟು ಔಷಧಿ ಇಲ್ಲದೆ. ವಾಲ್ವ್ ತೆರೆಯಿರಿ. ಉಳಿಸಬೇಕೆಂದರೆ ರಿಜೆಕ್ಟ್ ನೀರನ್ನು ಒಂದು ಸಿಂಟೆಕ್ಸ್‌ಗೆ ತುಂಬಿ ಶೌಚಾಲಯಕ್ಕೆ, ನೆಲ ತೊಳೆಯಲು ಬಿಡಿ. ಅದೇ ಉಳಿತಾಯ.

ಮೆಂಬ್ರೇನ್ ಬದಲಿಸುವ ಮುಂಚೆ ಆಸಿಡ್ ಕ್ಲೀನಿಂಗ್ ಮಾಡಿಸಿ ನೋಡಿ. ಶುದ್ಧ ನೀರಿನಲ್ಲಿ ಶೇ. 2 ಸಿಟ್ರಿಕ್ ಆಸಿಡ್, ಅಂದರೆ 100 ಲೀಟರಿಗೆ 2 ಕೆಜಿ. ಕಡಿಮೆ ಪ್ರೆಶರ್‌ನಲ್ಲಿ ಅರ್ಧ ಮುಕ್ಕಾಲು ತಾಸು ಸುತ್ತಿಸಿ, ನೆನೆಯಲು ಬಿಟ್ಟು, ಮತ್ತೆ ಸುತ್ತಿಸಿ ತೊಳೆಯಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ತೊಳೆದ ಮೇಲೆ ಮೊದಲು ಬರುವ ಶುದ್ಧ ನೀರು ಕುಡಿಯುವ ಟ್ಯಾಂಕಿಗೆ ಹೋಗಬಾರದು, ಹೊರಗೆ ಬಿಡಿ. ಕಾರ್ಬೊನೇಟ್ ಸುಣ್ಣ ಆದರೆ ಕರಗುತ್ತದೆ. ಸಿಲಿಕಾ ಕಟ್ಟಿದ್ದರೆ ಸಿಟ್ರಿಕ್‌ಗೆ ಜಗ್ಗುವುದಿಲ್ಲ. ನಮ್ಮದು ಗ್ರಾನೈಟ್ ಕಲ್ಲಿನ ನೆಲ, ಬೋರಿನ ನೀರಿನಲ್ಲಿ ಸಿಲಿಕಾ ಇರುವುದು ಹೊಸದಲ್ಲ. ಕೊನೆಯ ಮೆಂಬ್ರೇನ್ ಹೊರಗೆ ತೆಗೆದಾಗ ಮೊದಲನೆಯದಕ್ಕಿಂತ ಭಾರ ಅನಿಸಿದರೆ ಒಳಗೆ ಕಲ್ಲು ಕೂತಿದೆ ಅಂತ ತಿಳಿಯಿರಿ.

ಈಗ ಡೋಸಿಂಗ್ ಪಂಪು, ಅಂದರೆ ನೀರಿಗೆ ಆಂಟಿಸ್ಕೇಲೆಂಟ್ ಬಿಡುವ ಸಣ್ಣ ಪಂಪು. ಅದರ ಸಣ್ಣ ಪೈಪಿನಲ್ಲಿ ಗಾಳಿ ಕಟ್ಟಿರಬಹುದು, ಇಲ್ಲವೇ ಕ್ಯಾನಿನೊಳಗಿನ ಫುಟ್ ವಾಲ್ವ್ ಅಂಟುಅಂಟಾಗಿ ಮುಚ್ಚಿರಬಹುದು. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಔಷಧಿ ಹೋಗುತ್ತಿದೆ ಅಂತ ನಂಬಬೇಡಿ. ಅಳತೆ ಗ್ಲಾಸಿನಲ್ಲಿ ಔಷಧಿ ಹಾಕಿ, ಪೈಪ್ ಅದರಲ್ಲಿಟ್ಟು, ಹತ್ತು ನಿಮಿಷಕ್ಕೆ ಎಷ್ಟು ಇಳಿಯಿತು ನೋಡಿ.

ಡೋಸಿಂಗ್ ಪಂಪಿನ ವೈರು ಎಲ್ಲಿಂದ ಬಂದಿದೆ ಅದನ್ನೂ ನೋಡಿ. ಬಹಳ ಕಡೆ ಗೋಡೆಯ ಸಾಕೆಟ್ಟಿಗೆ ಚುಚ್ಚಿರುತ್ತಾರೆ. ಆ ಸಾಕೆಟ್ಟಿನ ಎಂಸಿಬಿ ಬಿದ್ದರೆ, ಅಥವಾ ಯಾರೋ ಮೊಬೈಲ್ ಚಾರ್ಜಿಗೆ ಪ್ಲಗ್ ಕಿತ್ತರೆ, ಔಷಧಿ ನಿಂತರೂ ಪ್ಲಾಂಟ್ ಆರಾಮಾಗಿ ಓಡುತ್ತದೆ. ಹೈ ಪ್ರೆಶರ್ ಪಂಪಿನ ಕಾಂಟ್ಯಾಕ್ಟರಿನ (ಮೋಟರ್ ಆನ್ ಆಫ್ ಮಾಡುವ ಮ್ಯಾಗ್ನೆಟ್ ಸ್ವಿಚ್) ಆಕ್ಸಿಲರಿ ಪಾಯಿಂಟಿನಿಂದ ಡೋಸಿಂಗ್‌ಗೆ ಸಪ್ಲೈ ಕೊಡಿಸಿ. ಪಂಪು ಓಡಿದರೆ ಡೋಸಿಂಗ್ ಓಡಬೇಕು, ನಿಂತರೆ ನಿಲ್ಲಬೇಕು. ಔಷಧಿ ಮುಗಿದರೆ ಪ್ಲಾಂಟನ್ನೇ ನಿಲ್ಲಿಸುವ ಲೆವೆಲ್ ಸ್ವಿಚ್ ಸಿಗುತ್ತದೆ, ಕ್ಯಾನಿಗೆ ಹಾಕಿಸಿ.

ಸಂಜೆ ಸಂಜೆ ಟ್ರಿಪ್ ಆಗಿ ನಿಂತಾಗಲೆಲ್ಲಾ ಆ ಉಪ್ಪು ನೀರು ಮೆಂಬ್ರೇನ್ ಒಳಗೇ ರಾತ್ರಿಯಿಡೀ ನಿಂತಿದೆ. ಕರೆಂಟು ಹೋದಾಗಲೂ ಇದೇ ಕಥೆ. ಮತ್ತೆ ಕರೆಂಟು ಬಂದ ಮೇಲೆ ರಿಜೆಕ್ಟ್ ವಾಲ್ವ್ ಪೂರ್ತಿ ತೆರೆದು, ಬರೀ ಫೀಡ್ ಪಂಪಿನಲ್ಲಿ ಐದು ಹತ್ತು ನಿಮಿಷ ತೊಳೆದು, ಆಮೇಲೆ ಹೈ ಪ್ರೆಶರ್ ಹಾಕಿ. ದಿನದ ಕೊನೆಗೆ ನಿಲ್ಲಿಸುವಾಗಲೂ ಹಾಗೇ.

ಲೋಡ್ ಮೂರು ಫೇಸಿಗೂ ಹಂಚಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ. ಮೇನ್ ಇಳಿಸಿ, ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲಿರಲಿ. ಬಂದಾಗ ಅರ್ಥಿಂಗನ್ನೂ ಅರ್ಥ್ ಟೆಸ್ಟರ್ ಹಾಕಿ ಅಳೆಸಿ. ಸಿಂಧನೂರು ಕಡೆ ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಣ್ಣು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ನೆಲ ಯಾವಾಗಲೂ ಒದ್ದೆ ಇರುವ ಪ್ಲಾಂಟ್ ರೂಮಿನಲ್ಲಿ ಇದು ಹುಡುಗಾಟ ಅಲ್ಲ. ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಸಾಕೆಟ್ ಲೈನಿಗೆ ಹಾಕಿಸಿ.

ಮತ್ತೊಬ್ಬರು (ತೋರಣಗಲ್ಲು ಕಡೆ, ಬಳ್ಳಾರಿ ಜಿಲ್ಲೆ):
ಸರ್, ನಮ್ಮ ಕಡೆ ಪ್ಯಾನಲ್ ಒಳಗೆ ಕೆಂಪು ಧೂಳು ವಿಪರೀತ. ವಾರಕ್ಕೊಮ್ಮೆ ಬ್ಲೋವರ್ ಹೊಡೆಯುತ್ತೇವೆ. ಆದರೂ ಕಾಂಟ್ಯಾಕ್ಟರ್ ಗುಂಯ್ ಅನ್ನುತ್ತದೆ.

ಉತ್ತರ (ಪ್ಲಾಂಟ್ ಆಪರೇಟರ್, ರಾಯಚೂರು):
ಬ್ಲೋವರೇ ತೊಂದರೆ. ಹೊರಗಿನ ಧೂಳನ್ನು ಕಾಂಟ್ಯಾಕ್ಟರಿನ ಒಳಗೆ ತಳ್ಳುತ್ತಿದ್ದೀರಿ. ಮ್ಯಾಗ್ನೆಟ್ ಎರಡು ಮುಖ ಸರಿಯಾಗಿ ಕೂಡದೆ ಗುಂಯ್ ಅನ್ನುತ್ತದೆ. ಸ್ಪಾಂಜ್ ಐರನ್ (ಅದಿರಿನಿಂದ ಕಬ್ಬಿಣ ಮಾಡುವ) ಕಾರ್ಖಾನೆ ಕಡೆಯ ಧೂಳಾದರೆ ಅದರಲ್ಲಿ ಕಬ್ಬಿಣವೇ ಇರುತ್ತದೆ, ಟರ್ಮಿನಲ್ ನಡುವೆ ಕೂತರೆ ಕರೆಂಟು ಹಾಯುತ್ತದೆ. ಮೇನ್ ಇಳಿಸಿ, ಒಣ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಎಳೆಯಿರಿ. ಬಾಗಿಲಿನ ರಬ್ಬರ್ ಬದಲಿಸಿ, ಕೇಬಲ್ ಬರುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ. ಪ್ಯಾನಲ್‌ಗೆ ಫ್ಯಾನ್ ಇದ್ದರೆ ಗಾಳಿ ಒಳಬರುವ ಕಡೆ ಫಿಲ್ಟರ್ ಬೇಕು, ಇಲ್ಲದಿದ್ದರೆ ಫ್ಯಾನೇ ಧೂಳು ತರುತ್ತದೆ.

ಮತ್ತೊಬ್ಬರು (ಕೊಪ್ಪಳ ಹತ್ತಿರದ ಹಳ್ಳಿ, ಸ್ತ್ರೀಶಕ್ತಿ ಸಂಘ):
ಅಣ್ಣಾರೆ, ನಮ್ಮ ಸಂಘ ಊರಿನ ನೀರಿನ ಘಟಕ ನೋಡಿಕೊಳ್ಳುತ್ತದೆ. ಟಿಡಿಎಸ್ ಮೀಟರ್ 120 ತೋರಿಸುತ್ತದೆ. ಫ್ಲೋರೈಡ್ ಹೋಗಿದೆ ಅಂತ ನಂಬಬಹುದಾ? ರಿಜೆಕ್ಟ್ ನೀರನ್ನು ದನಕ್ಕೆ ಕುಡಿಸುತ್ತಾರೆ.

ಉತ್ತರ (ಪ್ಲಾಂಟ್ ಆಪರೇಟರ್, ರಾಯಚೂರು):
ಅಕ್ಕಾರೆ, ಆ ಮೀಟರ್ ಒಟ್ಟು ಉಪ್ಪನ್ನಷ್ಟೇ ಹೇಳುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಕಚ್ಚಾ ನೀರು, ಶುದ್ಧ ನೀರು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಿ. ಮೆಂಬ್ರೇನ್ ಚೆನ್ನಾಗಿದ್ದರೆ ಹೆಚ್ಚಿನ ಪಾಲು ಫ್ಲೋರೈಡ್ ಹೋಗಿರುತ್ತದೆ. ಆಮೇಲೆ ಟಿಡಿಎಸ್ ಏರುತ್ತಾ ಹೋದರೆ ಫ್ಲೋರೈಡ್‌ಸಹ ನುಸುಳುತ್ತಿದೆ ಅಂತ ಅನುಮಾನಿಸಿ ಮತ್ತೆ ಕಳಿಸಿ. ಅಷ್ಟಕ್ಕೆ ಮೀಟರ್ ಉಪಯೋಗ.

ದನಕ್ಕೆ ಬೇಡ. ಶುದ್ಧ ನೀರಿನಿಂದ ತೆಗೆದ ಫ್ಲೋರೈಡ್ ಎಲ್ಲಿಗೂ ಹೋಗಿಲ್ಲ, ಆ ರಿಜೆಕ್ಟ್‌ನಲ್ಲೇ ಇದೆ. ಬೋರಿನಲ್ಲಿ 3 ಇದ್ದು ಅರ್ಧ ನೀರು ಎಳೆದರೆ ರಿಜೆಕ್ಟ್‌ನಲ್ಲಿ 6ರ ಹತ್ತಿರ ಇರುತ್ತದೆ. ಫ್ಲೋರೈಡ್ ದನಗಳ ಹಲ್ಲು, ಎಲುಬನ್ನೂ ಕೆಡಿಸುತ್ತದೆ. ಬೋರಿನ ಪಕ್ಕದ ಇಂಗುಗುಂಡಿಗೂ ಬಿಡಬೇಡಿ, ತಿರುಗಿ ಅದೇ ಬೋರಿಗೆ ಇಳಿಯುತ್ತದೆ. ಪಾತ್ರೆ ತಿಕ್ಕಲು, ಶೌಚಾಲಯಕ್ಕೆ ಪೈಪ್ ಎಳೆಸಿ. ತೊಟ್ಟಿಯ ಮೇಲೆ "ಕುಡಿಯುವ ನೀರಲ್ಲ" ಅಂತ ದೊಡ್ಡದಾಗಿ ಬರೆಸಿ.