ಇಂಡಕ್ಟರ್ ವೋಲ್ಟೇಜನ್ನು ಫೇಸರ್ ಮಾಡಿ ಕೂಡಿಸಿದರೆ ಸೊನ್ನೆ ಬರುತ್ತಿದೆ, ಎಲ್ಲಿ ತಪ್ಪಿದೆ?

ಹೊಸ_ತಂತಿ:
ಸರಣಿಯಲ್ಲಿ 20 ಓಮ್ ರೆಸಿಸ್ಟರ್, 0.2 ಹೆನ್ರಿ ಇಂಡಕ್ಟರ್. ಕರೆಂಟ್ 5 ಕಾಸ್(100ಟಿ + 30°) ಆಂಪಿಯರ್. ಸೋರ್ಸ್ ವೋಲ್ಟೇಜ್ ಕಂಡುಹಿಡಿಯಬೇಕು. ರೆಸಿಸ್ಟರ್ ಮೇಲಿನ ಫೇಸರ್ (ಅಲೆಯ ಎತ್ತರ, ಕೋನ ಎರಡನ್ನೂ ಹೇಳುವ ಬಾಣ) 100∠30° ಬಂತು, ಅಂದರೆ ಎತ್ತರ 100, ಕೋನ 30°. ಇಂಡಕ್ಟರ್‌ಗೆ ಕರೆಂಟನ್ನು ಡಿಫರೆನ್ಶಿಯೇಟ್ ಮಾಡಿ 0.2ರಿಂದ ಗುಣಿಸಿದೆ: −100 ಸೈನ್(100ಟಿ + 30°). ಅದನ್ನು −100∠30° ಅಂತ ಬರೆದು ಕೂಡಿಸಿದರೆ ಸೊನ್ನೆ! 5 ಆಂಪಿಯರ್ ಹರಿಯುತ್ತಿದೆ, ಸೋರ್ಸ್ ಮಾತ್ರ ಸೊನ್ನೆ ವೋಲ್ಟ್. ಮೂರು ಸಲ ಮಾಡಿದೆ, ಅದೇ ಉತ್ತರ.

ಹಳೇ_ಸುರುಳಿ:
ಡಿಫರೆನ್ಶಿಯೇಟ್ ಮಾಡಿದ್ದು ಸರಿಯಾಗೇ ಇದೆ. ಎಡವಿದ್ದು ಅದರ ಮುಂದಿನ ಸಾಲಿನಲ್ಲಿ. ಕರೆಂಟಿಗೆ ಕಾಸ್ ಒಳಗಿನ ಕೋನ ತೆಗೆದುಕೊಂಡಿರಿ, ವೋಲ್ಟೇಜಿಗೆ ಸೈನ್ ಒಳಗಿನ ಕೋನ. ಎರಡನ್ನೂ ಕೂಡಿಸಬೇಕಾದರೆ ಎರಡೂ ಕಾಸ್‌ನಲ್ಲೇ ಇರಬೇಕು ಅಲ್ವಾ?

ಮೈನಸ್ ಸೈನ್ ಅಂದರೆ 90° ಮುಂದಿರುವ ಕಾಸ್. ಹಾಗಾಗಿ ನಿಮ್ಮದು 100 ಕಾಸ್(100ಟಿ + 120°), ಫೇಸರ್ 100∠120°. ನಂಬಿಕೆ ಬರದಿದ್ದರೆ ಸುಮ್ನೆ ಟಿ = 0 ಹಾಕಿ ನೋಡಿ. −100 ಸೈನ್ 30° ಅಂದರೆ −50. 100 ಕಾಸ್ 120° ಕೂಡ −50. ನೀವು ಬರೆದ −100∠30° ಮಾತ್ರ −86.6 ಕೊಡುತ್ತದೆ.

ಅಸಲಿಗೆ ಸೈನ್ ಹತ್ತಿರ ಹೋಗುವ ಕೆಲಸವೇ ಇರಲಿಲ್ಲ. ಕಾಸ್ ಅಲೆಯನ್ನು ಡಿಫರೆನ್ಶಿಯೇಟ್ ಮಾಡಿದರೆ ಅದೇ ಅಲೆ ಒಮೇಗಾ (ಟಿ ಜೊತೆಗಿರುವ ಸಂಖ್ಯೆ, ಇಲ್ಲಿ 100) ಪಟ್ಟು ದೊಡ್ಡದಾಗಿ, 90° ಮುಂದೆ ಬಂದು ನಿಲ್ಲುತ್ತದೆ. ಫ್ರೀಕ್ವೆನ್ಸಿ ಬದಲಾಗುವುದಿಲ್ಲ. ಫೇಸರ್‌ನಲ್ಲಿ ಇದಿಷ್ಟೂ ಒಂದೇ ಗುಣಾಕಾರ: ಜೆ ಒಮೇಗಾ. ಒಮೇಗಾ ಉದ್ದ ಹಿಗ್ಗಿಸುತ್ತದೆ, ಜೆ (ಅಂದರೆ −1ರ ವರ್ಗಮೂಲ) 90° ತಿರುಗಿಸುತ್ತದೆ. ಇಲ್ಲಿ ಜೆ × 100 × 0.2 = ಜೆ20. ಅದನ್ನು 5∠30°ಗೆ ಗುಣಿಸಿದರೆ ನೇರವಾಗಿ 100∠120°. ಈಗ ಕೂಡಿಸಿ. ಎರಡು ಬಾಣಗಳೂ ಒಂದೇ ಉದ್ದ, ನಡುವೆ 90°. ಉತ್ತರ 141.4∠75°.

ಎರಡು ಸಲ ಡಿಫರೆನ್ಶಿಯೇಟ್ ಮಾಡಬೇಕಾಗಿ ಬಂದರೆ ಜೆ ಒಮೇಗಾ ಎರಡು ಸಲ, ಅಂದರೆ ಮೈನಸ್ ಒಮೇಗಾ ವರ್ಗ.

ಹೊಸ_ತಂತಿ:
ಅಯ್ಯೋ, ಅಷ್ಟೇನಾ! ಆದರೆ ಇನ್ನೊಂದು ತಲೆನೋವು. ಆ 141.4∠75° ಸೋರ್ಸ್ ಹಾಕಿ ಸಿಮ್ಯುಲೇಟರ್‌ನಲ್ಲಿ ಓಡಿಸಿದೆ. ಟಿ = 0ಯಲ್ಲಿ ಕರೆಂಟ್ 5 ಕಾಸ್ 30°, ಅಂದರೆ 4.33 ಇರಬೇಕು. ಅಲ್ಲಿ ಸೊನ್ನೆ ತೋರಿಸುತ್ತಿದೆ.

ಹಳೇ_ಸುರುಳಿ:
ಇದು ತಪ್ಪಲ್ಲ. ಸಿಮ್ಯುಲೇಟರ್ ಆ ಕ್ಷಣದಲ್ಲಿ ಸ್ವಿಚ್ ಒತ್ತಿದೆ ಅಂದುಕೊಳ್ಳಿ. ಇಂಡಕ್ಟರ್ ಕರೆಂಟ್ ಸೊನ್ನೆಯಿಂದ ದಿಢೀರಂತ 4.33ಕ್ಕೆ ಹಾರುವುದಿಲ್ಲ. ಫೇಸರ್ ಹೇಳುವುದು ಎಲ್ಲ ಹದಕ್ಕೆ ಬಂದ ಮೇಲಿನ ಕಥೆ. ನಿಮ್ಮ ಟೈಮ್ ಕಾನ್ಸ್ಟಂಟ್ (ಶುರುವಿನ ವ್ಯತ್ಯಾಸ ಎಷ್ಟು ಬೇಗ ಕರಗುತ್ತದೆ ಅನ್ನುವ ಅಳತೆ) 0.2 ÷ 20, ಅಂದರೆ 10 ಮಿಲಿಸೆಕೆಂಡ್. ಅದರ ಐದು ಪಟ್ಟು ಕಳೆದರೆ ಆ 4.33ರ ವ್ಯತ್ಯಾಸದಲ್ಲಿ ಉಳಿಯುವುದು ಸುಮಾರು 0.03. ಒಂದು ಪೂರ್ತಿ ಸೈಕಲ್‌ಗೇ ಸುಮಾರು 63 ಮಿಲಿಸೆಕೆಂಡ್ ಬೇಕು. ಮೊದಲ ಸೈಕಲ್ ಬಿಟ್ಟು ನೋಡಿ.

ಹೊಸ_ತಂತಿ:
ನೋಡಿದೆ. ಎರಡನೇ ಸೈಕಲ್‌ನಿಂದ ಎರಡೂ ಗೆರೆ ಒಂದರ ಮೇಲೊಂದು ಕೂತಿವೆ. ಥ್ಯಾಂಕ್ಸ್ ಸರ್.