ಅಪ್‌ಡೇಟ್: ನಿಕ್ಸನ್ ಪಾತ್ರ ಹಿನ್ನೆಲೆಯಿಂದ ಬಿಡಿಸಿಕೊಂಡಿತು

1960ರ ಅಮೆರಿಕ ಅಧ್ಯಕ್ಷ ಚುನಾವಣೆಯ ಎದುರಾಳಿಗಳಾದ ಕೆನಡಿ ಮತ್ತು ನಿಕ್ಸನ್ ನಡುವಿನ ನಾಲ್ಕು ಟಿವಿ ಚರ್ಚೆಗಳನ್ನು ಆಧರಿಸಿದ ನನ್ನ ಪುಟ್ಟ ಗೇಮಿನಲ್ಲಿ, 32×32 ಪಿಕ್ಸೆಲ್‌ಗಳ ನಿಕ್ಸನ್ ಪಾತ್ರ ಹಿನ್ನೆಲೆಯಲ್ಲಿ ಕರಗಿಹೋಗುತ್ತಿದೆ, ಏನು ಮಾಡಲಿ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಬಣ್ಣಗಳನ್ನು ಕಡಿಮೆ ಮಾಡಿ, ಅಂಚಿಗೆ ಕಪ್ಪಿನ ಬದಲು ಸೂಟಿನದೇ ಗಾಢ ಛಾಯೆ ಬಳಸಿ ಎಂದವರಿಗೆಲ್ಲ ಧನ್ಯವಾದಗಳು. ಹದಿನಾಲ್ಕು ಬಣ್ಣಗಳನ್ನು ಏಳಕ್ಕೆ ಇಳಿಸಿ, ಗಲ್ಲದ ಮೇಲೆ ಬೂದು ಬಣ್ಣದ ಮೂರೇ ಚುಕ್ಕೆಗಳನ್ನಿಟ್ಟೊಡನೆ, ಅಂದು ಕ್ಯಾಮೆರಾ ಎತ್ತಿ ತೋರಿಸಿದ್ದ ಕುರುಚಲು ಗಡ್ಡದ ನೆರಳು ಮೂಡಿತು.

ತಮಾಷೆಯೆಂದರೆ, ನನ್ನ ಮೊದಲ ತಪ್ಪೇ ಇತಿಹಾಸಕ್ಕೆ ಹೆಚ್ಚು ಹತ್ತಿರವಾಗಿತ್ತು. ಸೆಪ್ಟೆಂಬರ್ 26ರಂದು ಷಿಕಾಗೋದ ಸ್ಟುಡಿಯೋದಲ್ಲಿ ನಿಕ್ಸನ್ ತೊಟ್ಟಿದ್ದ ತಿಳಿ ಬೂದು ಸೂಟು ಕಪ್ಪು-ಬಿಳುಪು ಪರದೆಯ ಮೇಲೆ ಹಿಂದಿನ ಗೋಡೆಯೊಡನೆ ಬೆರೆತುಹೋಗಿತ್ತು. ಕೆನಡಿಯವರ ಕಡು ಬಣ್ಣದ ಸೂಟು ಮಾತ್ರ ಎದ್ದು ಕಂಡಿತ್ತು. ಹೀಗಾಗಿ ಮೊದಲ ಚರ್ಚೆಯಲ್ಲಿ ಆ ಮಸುಕನ್ನು ಬೇಕೆಂದೇ ಉಳಿಸಿಕೊಂಡು, ಉಳಿದ ಮೂರರಲ್ಲಿ ಮಾತ್ರ ತಿದ್ದಿದ ಪಾತ್ರವನ್ನು ಹಾಕಿದ್ದೇನೆ.

ಅಭ್ಯರ್ಥಿ ಚುನಾವಣೆ ಗೆಲ್ಲಬಲ್ಲರೇ ಎಂದು ಗೇಮಿನಲ್ಲಿ ತೋರಿಸುವ 'ಗೆಲ್ಲುವ ಸಾಮರ್ಥ್ಯ'ದ ಮೀಟರು ಬರೀ ರೂಪವನ್ನೇ ಅಳೆಯುತ್ತದೆ ಎಂಬ ಆಕ್ಷೇಪವನ್ನೂ ಒಪ್ಪಿದ್ದೇನೆ. ಕೆನಡಿ ಕ್ಯಾಥೊಲಿಕ್; ಅಂಥ ಅಭ್ಯರ್ಥಿ ದೇಶವನ್ನು ಗೆಲ್ಲಲಾರರೆಂಬ ಶಂಕೆ ಅವರ ಡೆಮಾಕ್ರಟಿಕ್ ಪಕ್ಷದೊಳಗೇ ಇತ್ತು. ಪ್ರಾಟೆಸ್ಟೆಂಟರೇ ಹೆಚ್ಚಿರುವ ವೆಸ್ಟ್ ವರ್ಜೀನಿಯಾ ರಾಜ್ಯದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಮೇ 10ರಂದು ಅದೇ ಪಕ್ಷದ ಪ್ರತಿಸ್ಪರ್ಧಿ ಹ್ಯೂಬರ್ಟ್ ಹಂಫ್ರಿಯವರನ್ನು ಸೋಲಿಸಿದ ಮೇಲೆಯೇ ಅದರ ಬಿಸಿ ತಗ್ಗಿದ್ದು. ಆದ್ದರಿಂದ ಮೀಟರು ಈಗ ಸ್ಟುಡಿಯೋದ ಬದಲು ಆ ಪ್ರೈಮರಿಯಿಂದಲೇ ಆರಂಭವಾಗುತ್ತದೆ. ನಡಿಗೆಯ ನಾಲ್ಕು ಫ್ರೇಮುಗಳಲ್ಲಿ ಕೆನಡಿಯವರ ಎಡಗೈ ಮಾತ್ರ ಇನ್ನೂ ಒಂದು ಪಿಕ್ಸೆಲ್ ಜಿಗಿಯುತ್ತಿದೆ.