ಮಿಲ್ಟರ್ ಟೈಮ್‌ಔಟ್ ಆದರೆ ಮೇಲ್ ಕಳೆದುಹೋಗುತ್ತದಾ?

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನೊಬ್ಬನೇ. ಮೇಲ್ ಸಾಗಿಸುವುದು ಪೋಸ್ಟ್‌ಫಿಕ್ಸ್, ಅದಕ್ಕೆ ಮಿಲ್ಟರ್ (ಮೇಲ್ ಅನ್ನು ಹೊರಗಿನ ಫಿಲ್ಟರ್‌ಗೆ ತೋರಿಸುವ ಕೊಂಡಿ) ಮೂಲಕ ಸ್ಪ್ಯಾಮ್ ಹಿಡಿಯುವ ಸ್ಪ್ಯಾಮ್‌ಅಸ್ಯಾಸಿನ್. ದಿನಕ್ಕೆ ಒಂದೆರಡು ಸಲ ಲಾಗ್‌ನಲ್ಲಿ ಮಿಲ್ಟರ್ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬರುತ್ತದೆ. ಹಿಂದೆಯೇ ‘451 4.7.1 ಸರ್ವಿಸ್ ಅನ್‌ಅವೈಲೆಬಲ್’. ಆ ಮೇಲ್ ಹೋಯ್ತಾ? ಮಿಲ್ಟರ್ ಉತ್ತರ ಕೊಡದಿದ್ದಾಗಿನ ಡಿಫಾಲ್ಟ್ ಆಕ್ಷನ್ ‘ಆಕ್ಸೆಪ್ಟ್’ ಮಾಡಿಬಿಡು ಅಂತ ಗೆಳೆಯ ಹೇಳಿದ.

ಉತ್ತರ: ಹೋಗಿಲ್ಲ, ಗಾಬರಿ ಬೇಡ. 4ರಿಂದ ಶುರುವಾಗುವ ಕೋಡ್ ಅಂದರೆ ‘ಈಗ ಆಗಲ್ಲ, ಆಮೇಲೆ ಬಾ’ ಅಂತ. ಕಳಿಸಿದ ಸರ್ವರ್ ಅದನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಕಳಿಸುತ್ತದೆ. ಅತ್ತ ಕಡೆಯೂ ಪೋಸ್ಟ್‌ಫಿಕ್ಸ್ ಇದ್ದರೆ 5 ದಿನದವರೆಗೆ. 5ರಿಂದ ಶುರುವಾದರೆ ಆಗ ಮೇಲ್ ಬೌನ್ಸ್, ಅಂದರೆ ಕಳಿಸಿದವರಿಗೇ ವಾಪಸ್. ಹಾಗಾಗಿ ಡಿಫಾಲ್ಟ್ ಆಕ್ಷನ್ ಈಗಿರುವ ‘ಟೆಂಪ್‌ಫೇಲ್’ (ಆ 4ರ ಕೋಡ್ ಕೊಡುವುದು) ಹಾಗೇ ಇರಲಿ. ‘ಆಕ್ಸೆಪ್ಟ್’ ಹಾಕಿದರೆ ಫಿಲ್ಟರ್ ಬಿದ್ದಾಗಲೆಲ್ಲ ಸ್ಪ್ಯಾಮ್ ಸೀದಾ ಒಳಗೆ ಬರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

‘ದಿನಕ್ಕೆ ಒಂದೆರಡು ಸಲ’ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಸ್ಪ್ಯಾಮ್‌ಅಸ್ಯಾಸಿನ್ ತನ್ನ ಬೇಯ್ಸ್ ಡೇಟಾಬೇಸ್‌ನ (ಸ್ಪ್ಯಾಮ್ ಗುರುತಿಸಲು ಕಲಿತದ್ದರ ಕೋಶ) ಹಳೇ ಟೋಕನ್‌ಗಳನ್ನು, ಅಂದರೆ ಕಲಿತ ಪದಗಳನ್ನು, ಸುಮಾರು 12 ಗಂಟೆಗೊಮ್ಮೆ ಗುಡಿಸುತ್ತದೆ. ಆ ಕೆಲಸ ಯಾವುದೋ ಒಂದು ಮೇಲ್ ನೋಡುತ್ತಿರುವಾಗಲೇ ನಡೆಯುತ್ತದೆ. ಡೇಟಾಬೇಸ್ ದೊಡ್ಡದಿದ್ದರೆ ನಿಮಿಷಗಟ್ಟಲೆ. ಪೋಸ್ಟ್‌ಫಿಕ್ಸ್ ಮಿಲ್ಟರ್‌ಗಾಗಿ ಕಾಯುವುದು 300 ಸೆಕೆಂಡ್, ಆಮೇಲೆ ಕೈಬಿಡುತ್ತದೆ. ಬೇಯ್ಸ್ ಡೈರೆಕ್ಟರಿಯಲ್ಲಿ ‘ಬೇಯ್ಸ್ ಟೋಕ್ಸ್ ಎಕ್ಸ್‌ಪೈರ್’, ಹಿಂದೊಂದು ನಂಬರ್, ಹೀಗೆ ಫೈಲ್‌ಗಳಿವೆಯಾ ನೋಡಿ. ಅವು ಅರ್ಧಕ್ಕೆ ನಿಂತ ಗುಡಿಸುವಿಕೆಯ ಉಳಿಕೆ.

ಪ್ರಶ್ನೆ: ಹನ್ನೊಂದು ಇವೆ ಸರ್! 300 ಅನ್ನು 900 ಮಾಡಲಾ?

ಉತ್ತರ: ಬೇಡವೇ ಬೇಡ. ಮೇಲ್ ಪೂರ್ತಿ ಕೊಟ್ಟ ಮೇಲೆ ಕಳಿಸುವವರು ಸಾಮಾನ್ಯವಾಗಿ ಉತ್ತರಕ್ಕೆ ಕಾಯುವುದು 10 ನಿಮಿಷ, ಅಂದರೆ 600 ಸೆಕೆಂಡ್. ನೀವು ಅದನ್ನು ದಾಟಿದರೆ ಅವರು ಲೈನ್ ಕಡಿದು ಮತ್ತೆ ಕಳಿಸುತ್ತಾರೆ. ಇತ್ತ ನಿಮ್ಮ ಸರ್ವರ್ ಮೊದಲನೆಯದನ್ನೂ ತೆಗೆದುಕೊಂಡಿರುತ್ತದೆ. ಒಂದೇ ಮೇಲ್ ಎರಡೆರಡು ಸಲ!

ಸ್ಪ್ಯಾಮ್‌ಅಸ್ಯಾಸಿನ್ ಸೆಟ್ಟಿಂಗ್‌ನಲ್ಲಿ ಬೇಯ್ಸ್ ಆಟೋ ಎಕ್ಸ್‌ಪೈರ್ 0 ಮಾಡಿ, ತಾನಾಗಿ ಗುಡಿಸುವುದು ನಿಲ್ಲುತ್ತದೆ. ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಸ್ಪ್ಯಾಮ್‌ಅಸ್ಯಾಸಿನ್‌ನ ‘ಎಸ್ಎ-ಲರ್ನ್’ ಕಮಾಂಡ್ ಅನ್ನು ಫೋರ್ಸ್-ಎಕ್ಸ್‌ಪೈರ್ ಆಪ್ಷನ್ ಕೊಟ್ಟು ಓಡಿಸಿ, ಬೇಯ್ಸ್ ಡೇಟಾಬೇಸ್ ಯಾವ ಯೂಸರ್‌ದೋ ಅದೇ ಯೂಸರ್ ಹೆಸರಲ್ಲಿ. ರೂಟ್ (ಅಡ್ಮಿನ್ ಯೂಸರ್) ಹೆಸರಲ್ಲಿ ಓಡಿಸಿ ಬೇರೆ ಡೇಟಾಬೇಸ್ ಗುಡಿಸುವವರೇ ಜಾಸ್ತಿ. ಸ್ಪ್ಯಾಮ್‌ಡಿ (ಸ್ಪ್ಯಾಮ್‌ಅಸ್ಯಾಸಿನ್‌ನ ಹಿನ್ನೆಲೆ ಸರ್ವಿಸ್) ನಿಲ್ಲಿಸಿ ಆ ಹನ್ನೊಂದು ಫೈಲ್‌ಗಳನ್ನೂ ಅಳಿಸಿ.

ಪ್ರಶ್ನೆ: ಮಾಡಿದೆ. ಇನ್ನೊಂದು. ನಮ್ಮ ಮೇಷ್ಟ್ರುಗಳಿಗೆ ತಮ್ಮ ಕಂಪ್ಯೂಟರ್‌ನ ಮೇಲ್ ಆ್ಯಪ್ ಥಂಡರ್‌ಬರ್ಡ್‌ನಲ್ಲಿ ಕಳಿಸುವಾಗ ಇದೇ ಎರರ್ ಬಾಕ್ಸ್ ಬರುತ್ತಿತ್ತು. ಅವರಿಗೂ ತಾನಾಗಿಯೇ ಮತ್ತೆ ಹೋಗುತ್ತದಾ?

ಉತ್ತರ: ಇಲ್ಲ. ಥಂಡರ್‌ಬರ್ಡ್ ಸರ್ವರ್ ಥರ ಕ್ಯೂನಲ್ಲಿಟ್ಟು ಕಾಯುವುದಿಲ್ಲ. ಅವರೇ ಮತ್ತೆ ‘ಸೆಂಡ್’ ಒತ್ತಬೇಕು. ಪಾಸ್‌ವರ್ಡ್ ಕೊಟ್ಟು 587 ಪೋರ್ಟ್‌ನಲ್ಲಿ ಕಳಿಸುವವರಿಗೆ ಸ್ಪ್ಯಾಮ್ ಮಿಲ್ಟರ್ ತೆಗೆದುಬಿಡಿ. ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಡಾಟ್ ಸಿಎಫ್ ಫೈಲ್‌ನ ಸಬ್‌ಮಿಷನ್ (ಅದೇ 587) ಸಾಲಿನ ಕೆಳಗೆ ಬೇರೆ ಮಿಲ್ಟರ್ ಪಟ್ಟಿ ಕೊಡಬಹುದು. ಡಿಕಿಮ್ ಸಹಿ (ಮೇಲ್ ನಿಮ್ಮ ಡೊಮೇನ್‌ನದೇ ಎಂದು ತೋರಿಸುವುದು) ಹಾಕುವ ಮಿಲ್ಟರ್ ಇದ್ದರೆ ಅದನ್ನು ಮಾತ್ರ ಆ ಪಟ್ಟಿಯಿಂದ ತೆಗೆಯಬೇಡಿ.